ಮಸೀರಾದ ನೀರಿನಲ್ಲಿ ಓಗೊಟ್ಟದ್ದು

ನನ್ನ ಗಂಡ ಸಮುದ್ರಕ್ಕೆ ಬೆನ್ನು ಹಾಕಿ ಕೂರುವ ಮನುಷ್ಯ. ಶುಕ್ರವಾರ ಸಂಜೆ ಮಸ್ಕತ್ತಿನ ಹತ್ತಿರದ ಸೀಬ್‌ನ ಕಡಲ ದಂಡೆಗೆ ಹೋದರೆ ಎಲ್ಲರೂ ನೀರು ನೋಡುತ್ತಾರೆ, ಇವರು ಚಾಪೆಯ ತುದಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕಡಲೆ ತಿನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡಲ ಕರೆಯಲ್ಲೇ ಹುಟ್ಟಿ ಬೆಳೆದವರಿಗೆ ಇದೆಂಥ ಬಿಂಕ ಎಂದುಕೊಂಡಿದ್ದೆ. ಕಾರಣವನ್ನು ಇವರು ಹೇಳಲಿಲ್ಲ, ನನ್ನ ಅತ್ತೆ ಹೇಳಿದರು.

ಇವರ ಊರು ತುಳುನಾಡಿನಲ್ಲಿ, ಅಳಿವೆಯ ಪಕ್ಕ, ಹೊಳೆ ಹೋಗಿ ಕಡಲಿಗೆ ಸೇರುವಲ್ಲಿ. ನೀರು ಇಳಿದಾಗ ಮರುವಾಯಿ ಹೆಕ್ಕಲು ಜನ ಹೊಳೆಗೆ ಇಳಿಯುತ್ತಾರೆ. ಚಿಪ್ಪಿನೊಳಗಿನ ಆ ಮಾಂಸದ ಸುಕ್ಕ ತಿಂದವರಿಗೆ ಆ ಆಸೆ ಗೊತ್ತು. ಅಲ್ಲಿ ಒಂದು ಕ್ರಮವುಂಟು. ದಡದಲ್ಲಿ ನಿಂತವರು ಆಗಾಗ ಉದ್ದಕ್ಕೆ ಕೂ ಹಾಕಬೇಕು, ನೀರಿನಲ್ಲಿದ್ದವರು ಕೂ ಎಂದು ತಿರುಗಿ ಓಗೊಡಬೇಕು. ಓಗೊಡದಿದ್ದರೆ ಒಂದು ಮಾತಿಲ್ಲ ಕತೆಯಿಲ್ಲ, ದೋಣಿ ಬಿಡುತ್ತಾರೆ. ಒಂದು ಬೆಳಿಗ್ಗೆ ಇವರ ತಮ್ಮ ಓಗೊಡಲಿಲ್ಲ. ದಡದಲ್ಲಿ ನಿಂತು ಕೂ ಹಾಕುತ್ತಿದ್ದವರು ಇವರೇ. ದೋಣಿ ಹೋಯಿತು, ತಮ್ಮನ ಹೆಣವನ್ನು ಮಲಗಿಸಿಕೊಂಡು ತಂದಿತು. ಅಂದಿನಿಂದ ಇವರು ಹೊಳೆಗಾಗಲಿ ಕಡಲಿಗಾಗಲಿ ಪಾದ ಇಟ್ಟವರಲ್ಲ.

ಇಂಥವರ ಹೆಂಡತಿ ಈಜು ಕಲಿತದ್ದು ಮೊಣಕಾಲು ನೋವಿನಿಂದ. ಮಸ್ಕತ್ತಿನ ಡಾಕ್ಟರು ನಡೆಯುವುದು ಕಡಿಮೆ ಮಾಡಿ, ಈಜಿ ಎಂದರು. ಕೊಳದ ನೀರು ತಾನೇ ಎಂದು ಇವರು ಸುಮ್ಮನಿದ್ದರು. ಐವತ್ತರ ಹತ್ತಿರದಲ್ಲಿ ನೀರಿಗೆ ಇಳಿದ ನನಗೆ ಅದು ಹುಚ್ಚೇ ಹಿಡಿಯಿತು. ನೋವು ಹೋಯಿತು, ಈಜು ಉಳಿಯಿತು.

ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟಿನಲ್ಲಿ ನಮ್ಮ ಕಡೆಯ ಬ್ಯಾರಿ ವ್ಯಾಪಾರಿಯೊಬ್ಬರಿದ್ದಾರೆ. ಬೆಳಿಗ್ಗೆ ಟೊಮೆಟೊ ಇಳಿಸುವ ಮೊದಲು ಸೈಕಲ್ ಹೊಡೆಯುವ ಮನುಷ್ಯ. ಒಂದು ದಿನ ಬಸಳೆ ಕಟ್ಟಿಕೊಡುತ್ತಾ ಕೇಳಿದರು. "ಅಕ್ಕಾ, ಮಸೀರಾದಲ್ಲಿ ರೇಸ್ ಉಂಟು. ಮೂವರ ಟೀಮು. ಒಬ್ಬರು ಈಜ್ಬೇಕು, ಒಬ್ಬರು ಸೈಕಲು, ಒಬ್ಬರು ಓಟ. ಸೈಕಲಿಗೆ ನಾನು, ಓಟಕ್ಕೆ ನನ್ನ ಮಗಳು ನಿಜ್ವಾದಿಂದ ಬರ್ತಾಳೆ. ಈಜ್ಲಿಕ್ಕೆ ಜನ ಇಲ್ಲ. ನೀವು ಬರ್ತೀರಾ?"

ನಾನು ಹೂಂ ಅಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ಇವರು ಅನ್ನದ ಬಟ್ಟಲು ದೂಡಿ ಎದ್ದರು. "ಕಡಲಾ? ನಿನಗೆ ಮಂಡೆ ಸಮ ಇಲ್ಲ." ನಾನೂ ಬಿಡುವವಳಲ್ಲ. ಅವರ ಹಿಂದೆ ಹಿಂದೆ ಹೋಗಿ ಹೇಳಿದೆ. ನೀವು ಬರಬೇಕು, ದಡದಲ್ಲಿ ನಿಲ್ಲಬೇಕು, ನಾನು ನನ್ನ ಕಾಲಲ್ಲಿ ನಡೆದು ಮೇಲೆ ಬರುವುದನ್ನು ನೋಡಬೇಕು ಎಂದು. ಪದಕದ ಆಸೆ ನನಗೆ ಇರಲಿಲ್ಲ. ನೀರು ಒಬ್ಬರನ್ನಾದರೂ ತಿರುಗಿ ಕೊಡುತ್ತದೆ ಎಂದು ಈ ಮನುಷ್ಯ ಕಣ್ಣಾರೆ ಕಾಣಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಅವರು ಬರುವುದಿಲ್ಲ ಎಂದರು. ಹೊರಡುವ ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾರಿನಲ್ಲಿ ಕೂತಿದ್ದಾರೆ.

ಮಸೀರಾ ದ್ವೀಪಕ್ಕೆ ಹೋಗಲು ದಕ್ಷಿಣಕ್ಕೆ ಮರಳುಗಾಡಿನಲ್ಲಿ ಬಹಳ ದೂರ ಕಾರು ಓಡಿಸಿ, ಆಮೇಲೆ ಕಾರು ಸಮೇತ ಫೆರ್ರಿ ಹತ್ತಬೇಕು. ಎಲ್ಲರೂ ಮೇಲೆ ಹೋಗಿ ಗಾಳಿಗೆ ನಿಂತರೆ ಇವರು ಕಾರಿನ ಗಾಜು ಏರಿಸಿಕೊಂಡು, ಸೀಟ್ ಬೆಲ್ಟನ್ನೂ ಬಿಚ್ಚದೆ ಕೂತರು. ನಾನು ಕಿಟಕಿ ತಟ್ಟಿ ಚಹಾ ಕೊಟ್ಟೆ. ಒಂದು ಗುಟುಕೂ ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು. ನನಗೆ ಆಗಲೇ ಪಾಪ ಅನ್ನಿಸಿತು, ಇವರನ್ನು ಯಾಕಾದರೂ ಎಳೆದುಕೊಂಡು ಬಂದೆನೋ ಎಂದು.

ದ್ವೀಪದಲ್ಲಿ ಮರವೆಂಬುದು ಅಪರೂಪ. ಕಂದು ಗುಡ್ಡ, ಉಪ್ಪು ಕಟ್ಟಿದ ನೆಲ, ಮೀನಿನ ದೋಣಿಗಳು, ಮತ್ತೆ ಬರೀ ಗಾಳಿ. ದಂಡೆಯ ಉದ್ದಕ್ಕೂ ಡೇರೆಗಳೆದ್ದಿದ್ದವು. ಕಾರಿಗಿಂತ ದುಬಾರಿ ಸೈಕಲ್ ತಂದ ಬಿಳಿಯರು, ಫಿಲಿಪ್ಪೀನಿನವರು, ಒಮಾನಿನ ಹುಡುಗಿಯರು, ಎಲ್ಲರೂ ಇದ್ದರು. ನಮ್ಮ ವ್ಯಾಪಾರಿಯ ಮನೆಯಿಂದ ಬಂದ ತುಪ್ಪದನ್ನದ ಪಾತ್ರೆ ತೆರೆದಾಗ ಪಕ್ಕದ ಡೇರೆಯವರೂ ಇಣುಕಿದರು. ಸಂಜೆ ರೇಸ್ ನಡೆಸುವವರು ಎಲ್ಲರನ್ನೂ ಕೂರಿಸಿ ನಿಯಮ ಹೇಳಿದರು. ನೀರಿನಲ್ಲಿ ಯಾರಾದರೂ ಕೈ ಎತ್ತಿದರೆ, ಕೂಗಿದರೆ, ಅಪಾಯವೆಂದು ತಿಳಿದು ರಕ್ಷಣೆಯ ದೋಣಿ ಬರುತ್ತದೆ, ಹತ್ತಿಸಿಕೊಂಡು ದಡಕ್ಕೆ ತರುತ್ತದೆ, ಅಲ್ಲಿಗೆ ಆ ತಂಡದ ಆಟ ಮುಗಿಯಿತು. ಇವರು ಹಿಂದೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡರು.

ಬೆಳಗಿನ ಹೊತ್ತಿಗೆ ಗಾಳಿ ಇನ್ನೂ ಏರಿತ್ತು. ಎಲ್ಲರಿಗೂ ಒಂದೇ ಬಣ್ಣದ ಹಳದಿ ಟೋಪಿ. ನಾನು ಉದ್ದ ತೋಳಿನ ಈಜುಡುಗೆ ಹಾಕಿ ಇವರ ಹತ್ತಿರ ಹೋದೆ. ಅವರು ಕಾರುಗಳ ಸಾಲಿನಲ್ಲಿ ನಿಂತಿದ್ದರು. "ಹುಷಾರು" ಎಂದರು, ನನ್ನ ಮುಖ ನೋಡಲಿಲ್ಲ.

ಕೊಳದಲ್ಲಿ ಅಡಿಯಲ್ಲಿ ಗೆರೆ ಇರುತ್ತದೆ, ಅದನ್ನು ನೋಡಿಕೊಂಡು ಹೋದರಾಯಿತು. ಕಡಲಿನಲ್ಲಿ ಎಂತ ಉಂಟು? ಹಸಿರು, ಮತ್ತೆ ಹಸಿರು. ದೂರದಲ್ಲಿ ಗುರುತಿಗೆಂದು ತೇಲಿಬಿಟ್ಟ, ಬಲೂನಿನಂಥ ಕೆಂಪು ಬುಗ್ಗೆಯನ್ನು ಸುತ್ತಿ ಬರಬೇಕಿತ್ತು. ಆಗಾಗ ತಲೆ ಎತ್ತಿ ಅದು ಎಲ್ಲಿದೆ ಎಂದು ನೋಡಬೇಕು. ಬುಗ್ಗೆ ಸುತ್ತಿ ತಿರುಗಿದೆ, ಇನ್ನೇನು ದಡದ ಕಡೆಗೆ ಎನ್ನುವಾಗ ತಲೆ ಎತ್ತಿದ ಕಿವಿಗೆ ಒಂದು ಸ್ವರ ಬಿತ್ತು.

ಕೂ...

ಹಕ್ಕಿ ಇರಬೇಕೆಂದುಕೊಂಡೆ. ಇನ್ನೊಂದು ಸಲ ಬಂತು, ಉದ್ದಕ್ಕೆ, ಕೊನೆಯಲ್ಲಿ ಸ್ವಲ್ಪ ಒಡೆದು. ಅಯ್ಯೋ ದೇವರೇ, ಇದು ಇವರು! ಮೊದಲು ಬಂದದ್ದು ಸಿಟ್ಟೇ. ಊರವರೆಲ್ಲ ನೋಡುವಾಗ ಈ ಮನುಷ್ಯನಿಗೆ ಎಂತ ಆಗಿದೆ ಎಂದು. ಮುಖ ನೀರಿಗೆ ಹಾಕಿ ಕೈ ಬೀಸಿದೆ. ಆದರೆ ಕೈ ನಡೆಯಲಿಲ್ಲ. ಅಷ್ಟೊಂದು ಹಳದಿ ತಲೆಗಳಲ್ಲಿ ಯಾವುದು ನಾನು ಎಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ನಾನು ಓಗೊಡದೆ ಹೋದ ಒಂದೊಂದು ಕ್ಷಣವೂ ಆ ಜೀವಕ್ಕೆ ಹಳೆಯ ಬೆಳಗೇ. ಓಗೊಟ್ಟರೆ ದೋಣಿ ಬರುತ್ತದೆ, ನಮ್ಮ ಟೀಮು ಹೋಯಿತು. ಹೋದರೆ ಹೋಗಲಿ ಎಂದುಕೊಂಡೆ. ನಿಂತೆ, ಎದೆ ತುಂಬ ಉಸಿರು ಎಳೆದೆ, ಇದ್ದಬದ್ದ ಸ್ವರ ಸೇರಿಸಿ ಕೂ ಎಂದೆ.

ದೋಣಿ ಬಂದೇ ಬಂತು. ಅದರಲ್ಲಿದ್ದ ಗಡ್ಡದ ಒಮಾನಿ ಕೈ ಚಾಚಿದ. "ಮಾಮಾ, ಖಲಾಸ್. ಯಲ್ಲಾ, ಊಪರ್ ಆಓ." ಮುಗಿಯಿತು ಅಮ್ಮಾ, ಮೇಲೆ ಹತ್ತು ಎಂದು.

ನಾನು ದೋಣಿಯಿಂದ ಹಿಂದೆ ಸರಿದೆ. ಟೀಮಿನ ಚಿಂತೆಯಲ್ಲ. ಈ ದೋಣಿಯಲ್ಲಿ ಮಲಗಿಸಿ ನನ್ನನ್ನು ದಡಕ್ಕೆ ತಂದರೆ ಇವರ ಪ್ರಾಣ ಅಲ್ಲೇ ಹೋಗುತ್ತದೆ. "ನೋ ಖಲಾಸ್!" ಎಂದು ಕಿರುಚಿದೆ. ಬಂದ ಹಿಂದಿಯಲ್ಲೆಲ್ಲ ಹೇಳಿದೆ, ಅಲ್ಲಿ ನನ್ನ ಗಂಡ, ಅವರು ಕರೆಯುತ್ತಾರೆ, ನಾನು ಜವಾಬು ಕೊಡಬೇಕು, ಅಷ್ಟೇ, ನಾನು ಗಟ್ಟಿ ಇದ್ದೇನೆ. ಅವನು ನನ್ನ ಭುಜ ಹಿಡಿಯಲು ಬಗ್ಗಿದ. "ಮುಟ್ಟಿದರೆ ನೋಡು!" ಎಂದೆ, ಅಚ್ಚ ತುಳುವಿನಲ್ಲಿ. ಭಾಷೆ ಗೊತ್ತಾಗದಿದ್ದರೂ ವಿಷಯ ಅವನಿಗೆ ಗೊತ್ತಾಯಿತು. ಕೈ ಹಿಂದೆ ತೆಗೆದ. ದಡದಿಂದ ಮತ್ತೆ ಕೂ ಬಂತು, ನಾನು ಅವನ ಕಣ್ಣೆದುರೇ ಓಗೊಟ್ಟೆ. ಅವನು ದಡ ನೋಡಿದ, ನನ್ನನ್ನು ನೋಡಿದ, ದೋಣಿಯನ್ನು ಸ್ವಲ್ಪ ದೂರ ಸರಿಸಿ ನನ್ನ ಜೊತೆಜೊತೆಗೇ ಬಂದ.

ಹಾಗೆ ನಾನು ಮಸೀರಾದ ನೀರನ್ನು ದಾಟಿದೆ. ಅವರು ಕರೆದಾಗಲೆಲ್ಲ ನಿಂತೆ, ಓಗೊಟ್ಟೆ, ಮತ್ತೆ ಈಜಿದೆ. ಎಲ್ಲರೂ ನನ್ನನ್ನು ದಾಟಿ ಹೋದರು. ಉಪ್ಪುನೀರು ಕುಡಿದು ಗಂಟಲು ಹರಿದುಹೋಗಿತ್ತು. ಕೊನೆಗೆ ಕಾಲಿಗೆ ಮರಳು ಸಿಕ್ಕಿತು. ಎದ್ದು ನಿಂತು ಈಜಿನ ಕನ್ನಡಕ ತೆಗೆದು ನೋಡುತ್ತೇನೆ, ಇವರು ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಪ್ಯಾಂಟು, ಶರ್ಟು, ಬೂಟು, ಎಲ್ಲ ಇದ್ದ ಹಾಗೇ. ತೆರೆ ಬಡಿದರೆ ಬೀಳುವಂತೆ ತೂರಾಡುತ್ತಿದ್ದರು, ಇನ್ನೂ ಕೂ ಹಾಕುತ್ತಲೇ ಇದ್ದರು.

ನೀರು ಸೀಳಿಕೊಂಡು ಹೋಗಿ ತೋಳು ಹಿಡಿದೆ. ಬಾಯಿಗೆ ಬಂದದ್ದು ಇಷ್ಟೇ. "ಫೋನು ಕಿಸೆಯಲ್ಲೇ ಉಂಟಲ್ಲ ಮಾರಾಯ್ರೆ!"

ಮೊಣಕಾಲುಮಟ್ಟದ ನೀರಿಗೆ ಬರುವಷ್ಟರಲ್ಲಿ ವ್ಯಾಪಾರಿ ಓಡಿ ಬಂದು ನನ್ನ ಕಾಲಿಗೆ ಕಟ್ಟಿದ್ದ, ಟೀಮಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸುವ ಪಟ್ಟಿ ಬಿಚ್ಚಿಕೊಂಡರು. "ನಮ್ಮ ಹೊತ್ತು ಮೀರಿತಂತೆ ಅಕ್ಕ, ಲೆಕ್ಕಕ್ಕೆ ಇಲ್ಲ ಅಂತಾರೆ. ಪರವಾಗಿಲ್ಲ, ನಾನು ಒಂದು ಸುತ್ತು ಹೋಗಿ ಬರ್ತೇನೆ" ಎಂದು ಸೈಕಲ್ ಹತ್ತಿ ಹೋದರು. ಬೈಯಬಹುದಿತ್ತು, ಬೈಯಲಿಲ್ಲ. ಆ ಮನುಷ್ಯನ ಋಣ ನನ್ನ ಮೇಲೆ ಇದೆ.

ನಾವಿಬ್ಬರೂ ದಡಕ್ಕೆ ಹೋಗಲಿಲ್ಲ. ಅಲ್ಲೇ ನೀರಿನಲ್ಲಿ ನಿಂತಾಗ ಇವರು ಕೇಳಿದರು. "ಅಲ್ಲಿಗೆ ಕೇಳ್ತಿತ್ತಾ?"

"ಕೇಳದೆ ಎಂತ? ಇಡೀ ದ್ವೀಪಕ್ಕೆ ಕೇಳಿದೆ" ಎಂದು ನಕ್ಕೆ.

ಅವರು ನಗಲಿಲ್ಲ. "ನೀರಿನೊಳಗೆ ಇದ್ದವರಿಗೆ ಕೇಳ್ತದಾ? ಸರಿ ಹೇಳು. ನನಗೆ ಸಮಾಧಾನ ಮಾಡ್ಲಿಕ್ಕೆ ಹೇಳ್ಬೇಡ."

ಆಗ ನನಗೆ ತಿಳಿಯಿತು, ಈ ಪ್ರಶ್ನೆ ನನ್ನ ಬಗ್ಗೆ ಅಲ್ಲ. ಪಾಪ, ಸತ್ತ ಮನೆಗೆ ಬಂದವರೆಲ್ಲ ಇವರಿಗೆ ಒಂದೇ ಸಮಾಧಾನ ಹೇಳಿದ್ದರು. ತಮ್ಮನಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ, ಏನೂ ಕೇಳಿಸಿರಲಿಕ್ಕಿಲ್ಲ ಎಂದು. ಹಾಗಾದರೆ ತನ್ನ ಕೂ ಕೂಡ ಅವನಿಗೆ ಮುಟ್ಟಲಿಲ್ಲವೇ ಎಂದು ಆ ಸಮಾಧಾನವನ್ನೇ ಈ ಮನುಷ್ಯ ಇಷ್ಟು ವರ್ಷ ಕೆಂಡದ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದರು, ನನಗೂ ಹೇಳದೆ.

"ಮುಖ ನೀರಿನಲ್ಲಿ ಇದ್ದಾಗ ಇಲ್ಲ" ಎಂದೆ. "ತಲೆ ಎತ್ತಿದಾಗಲೆಲ್ಲ ಕೇಳ್ತಿತ್ತು. ನಿಮ್ಮ ಸ್ವರ ಅಂತ ಗೊತ್ತಾಗ್ತಿತ್ತು."

"ಅವ ಸುಮಾರು ಹೊತ್ತು ತಲೆ ಎತ್ತಿ ಎತ್ತಿ ಹಾಕ್ತಿದ್ದ. ನಾನು ಕಂಡಿದ್ದೇನೆ" ಎಂದರು. "ಹಾಗಾದ್ರೆ ಅವನಿಗೂ ಕೇಳಿದೆ."

ಅವರು ಅಲ್ಲೇ ನೀರಿನಲ್ಲಿ ಕುಸಿದು ಕೂತರು. ಗಂಡಸರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ನಾನೂ ಕೂತೆ.

"ಅವ ಒಬ್ಬನೇ ಇರ್ಲಿಲ್ಲ ಅಲ್ವಾ?"

"ಇಲ್ಲ" ಎಂದೆ. "ಒಬ್ಬನೇ ಇರಲಿಲ್ಲ."