ಮುಖಕ್ಕೆ ಮೂರು ಕೊಟೇಷನ್

ತಿರುವನಂತಪುರದಲ್ಲಿ ನಮ್ಮವರು ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿದ್ದರು. ಮೂರು ಕಡೆಯಿಂದ ಕೊಟೇಷನ್ ತರಿಸಿ, ಹೋಲಿಕೆ ಪಟ್ಟಿ ಮಾಡದೆ ಒಂದು ಕುರ್ಚಿಯನ್ನೂ ಕೊಂಡವರಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅಂಥದೊಂದು ಪಟ್ಟಿ ನನ್ನ ಮುಖಕ್ಕೂ ತಯಾರಾಯಿತು.

ನನಗಾಗ ನಲವತ್ತಾರು, ಅವರಿಗಿಂತ ಎರಡು ವರ್ಷ ಚಿಕ್ಕವಳು. ಟೈಫಾಯ್ಡ್ ಬಂದು ಮೈ ಇಳಿದ ಮೇಲೆ ಕೆನ್ನೆ, ಕತ್ತಿನ ಚರ್ಮ ಜೋತುಬಿದ್ದಿತ್ತು. ಕ್ವಾರ್ಟರ್ಸಿನ ಓಣಂ ಊಟದಲ್ಲಿ ಹೊಸ ಅಧಿಕಾರಿಯೊಬ್ಬರ ಹೆಂಡತಿ ನನ್ನನ್ನು ತೋರಿಸಿ, "ಸಾರಿಂಡೆ ಅಮ್ಮಯಾಣೋ?" ಎಂದು ಇವರನ್ನು ಕೇಳಿದಳು. ನಾನು ಇವರ ತಾಯಿಯೇ ಎಂದು! ಇವರು ನಕ್ಕು ಸುಮ್ಮನಾದರು. ನಾನು ಪಾಯಸ ಮುಟ್ಟದೆ ಎಲೆ ಮಡಚಿದೆ.

ಮುಂದಿನ ತಿಂಗಳು ಕೆಲಸದ ಮೇಲೆ ಕೊಚ್ಚಿಗೆ ಹೋದವರು ವಿದೇಶದಲ್ಲಿ ಓದಿ ಬಂದ ಸರ್ಜನ್ ಒಬ್ಬರನ್ನು ಕಂಡು, ಎಲ್ಲ ಬರೆದುಕೊಂಡು ಬಂದರು. ಮೊದಲನೆಯ ವಿಧಾನದಲ್ಲಿ ಕಣತಲೆಯ ಕೂದಲೊಳಗೆ ಸಣ್ಣದಾಗಿ ಕೊಯ್ದು ಚರ್ಮ ಎಳೆಯುವುದು. ಬೇಗ ವಾಸಿ, ಆದರೆ ಕತ್ತು ಹಾಗೇ ಉಳಿಯುತ್ತದೆ, ಕೆನ್ನೆಯೂ ಬೇಗ ಮತ್ತೆ ಇಳಿಯುತ್ತದೆ. ಎರಡನೆಯದರಲ್ಲಿ ಕಿವಿಯ ಮುಂದಿನಿಂದ ಹಿಂದಿನವರೆಗೂ ಕೊಯ್ದು, ಕೆನ್ನೆ ಕತ್ತುಗಳ ಚರ್ಮ ಬಿಡಿಸಿ, ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುವುದು. ಮೂರನೆಯದು ಆಗಷ್ಟೇ ವಿದೇಶದಲ್ಲಿ ಬಂದಿದ್ದು. ಚರ್ಮದ ಕೆಳಗಿನ ಪದರವನ್ನೂ ಬಿಗಿಯುತ್ತಾರೆ, ಹೆಚ್ಚು ಕಾಲ ನಿಲ್ಲುತ್ತದೆ. ಡಾಕ್ಟರು ಅದನ್ನಿನ್ನೂ ಮಾಡಿರಲಿಲ್ಲವಾದ್ದರಿಂದ ಇವರು "ಪೂರ್ವಾನುಭವ ಇಲ್ಲ" ಎಂದು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದರು. ಎರಡನೆಯದಕ್ಕೆ ಟಿಕ್ ಬಿದ್ದಿತ್ತು. ನರಕ್ಕೆ ಪೆಟ್ಟಾದರೆ ನನ್ನ ಬಾಯಿ ಸೊಟ್ಟಗಾಗಬಹುದು ಎಂಬುದು ಷರಾ ಕಾಲಮ್ಮಿನಲ್ಲಿ ಒಂದು ಸಾಲು.

ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು. ಇವರ ಜೊತೆ ಕೊಚ್ಚಿಗೆ ಹೋದಾಗ ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಎರಡೂ ಕೈಗಳಿಂದ ನನ್ನ ಕೆನ್ನೆಗಳನ್ನು ಕಿವಿಯ ಕಡೆಗೆ ಎತ್ತಿ ಹಿಡಿದು ಕನ್ನಡಿ ನೋಡಲು ಹೇಳಿದರು. ಮೂವತ್ತರ ನನ್ನನ್ನು ನೋಡಿ ಕಣ್ಣು ತುಂಬಿತು. ಯಾವುದು ಬೇಕು ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಇವರು ಎರಡನೆಯದು ಎಂದರು. ಕೇಳಿದ್ದು ನಿಮ್ಮ ಹೆಂಡತಿಯನ್ನು ಎಂದರು ಡಾಕ್ಟರು.

ನಾನು ಇವರ ಕಡೆ ತಿರುಗಿ ಕನ್ನಡದಲ್ಲೇ ಹೇಳಿದೆ. "ಅವತ್ತು ಊಟದ ಹೊತ್ನಲ್ಲಿ, ಇವಳು ನನ್ನ ಹೆಂಡ್ತಿ ಅಂತ ನೀವು ಒಂದು ಮಾತು ಅಂದಿದ್ರೆ ನಾವು ಇಲ್ಲಿಗೆ ಬರೋದೇ ಬೇಕಿರಲಿಲ್ಲ, ರೀ."

ಇವರು ಪಟ್ಟಿಯಿಂದ ತಲೆಯೆತ್ತಲಿಲ್ಲ. "ಆಯಮ್ಮ ಕೇಳಿದ್ರಲ್ಲಿ ತಪ್ಪೇನಿತ್ತು?" ಎಂದರು.

ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಅದೇ ದಿನದ ರೈಲಿಗೆ ತಿರುವನಂತಪುರಕ್ಕೆ ಹಿಂತಿರುಗಿದೆವು. ಆಮೇಲೆ ಮದುವೆ, ಮುಂಜಿ, ಆಫೀಸಿನ ಊಟ ಎಲ್ಲಕ್ಕೂ ಇವರೊಬ್ಬರೇ ಹೋಗತೊಡಗಿದರು. ನಾನೂ ಹಟಕ್ಕೆ ಬಿದ್ದು ಕೇಳಲಿಲ್ಲ. ಎರಡು ವರ್ಷದ ಮೇಲೆ ಪಕ್ಕದ ಕ್ವಾರ್ಟರ್ಸಿಗೆ ಬಂದ ಧಾರವಾಡದ ಹೆಂಗಸು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೀವು ಹಾಸಿಗಿ ಹಿಡದೀರಿ ಅಂತ ನಿಮ್ಮವರು ಎಲ್ಲಾರಿಗೂ ಹೇಳ್ತಿದ್ರಲ್ಲ, ಯಾವಾಗ ಎದ್ರಿ ಅಕ್ಕಾರ, ಎಂದು ಕೇಳಿದಳು.