ಹದಿನಾಲ್ಕನೇ ಮಹಡಿಯ ಮನೆ ಮಾರಿದ್ದು

2022ರ ಚಳಿಗಾಲದಲ್ಲಿ ನಾನು ದುಬೈಯ ಒಂದು ರಿಯಲ್ ಎಸ್ಟೇಟ್ ಕಚೇರಿಯಲ್ಲಿ ಟ್ರಾನ್ಸ್‌ಫರ್ ಕೋಆರ್ಡಿನೇಟರ್ ಆಗಿದ್ದೆ. ಮನೆ ತೋರಿಸುವುದು, ಗಿರಾಕಿ ಹುಡುಕುವುದು ಏಜೆಂಟರ ಕೆಲಸ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಬಿಲ್ಡರ್‌ನ ಎನ್‌ಒಸಿ, ಬ್ಯಾಂಕಿನ ಕಾಗದಪತ್ರ, ಕೊನೆಗೆ ಮಾಲೀಕರ ಹೆಸರು ಬದಲಾವಣೆ, ಇಷ್ಟೂ ನನ್ನ ಮೇಜಿಗೆ ಬರುತ್ತಿದ್ದವು. ಒಟ್ಟು ಹದಿನೆಂಟು ವರ್ಷ ಇದನ್ನೇ ಮಾಡಿದ್ದೇನೆ. ಬಹುಪಾಲು ಫೈಲುಗಳು ಮರೆತುಹೋಗಿವೆ. ಲವೀನಾ ಅವರದು ಮರೆತಿಲ್ಲ.

ಲವೀನಾ ಕಾರ್ಕಳದ ಕಡೆಯವರು, ಆಸ್ಪತ್ರೆಯೊಂದರಲ್ಲಿ ಸೀನಿಯರ್ ನರ್ಸ್. ಗಂಡ ಫೆಲಿಕ್ಸ್ ಹೋಟೆಲಿನ ಅಡುಗೆಮನೆಯಲ್ಲಿ ಸೂಪರ್‌ವೈಸರ್. ಹದಿನಾಲ್ಕನೇ ಮಹಡಿಯಲ್ಲಿ ಅವರದೇ ಫ್ಲ್ಯಾಟ್ ಇತ್ತು. ಜೊತೆಗಿದ್ದ ಲವೀನಾರ ತಾಯಿ ಸಿಸಿಲಿಯಾ ಬಾಯಿಯವರಿಗೆ ಎಪ್ಪತ್ತೆಂಟು ವರ್ಷ. ಮಗಳು ಅವರನ್ನು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತಿದ್ದರು. ಎರಡು ವರ್ಷದಿಂದ ಮರೆವು ಹೆಚ್ಚುತ್ತಿತ್ತು. ಅವರಿಗೆ ನೆಲಮಹಡಿಯಲ್ಲೇ ಒಂದು ಕೋಣೆ ಸಿಗಲಿ ಎಂದು ಮಗಳು ಅಳಿಯ ಫ್ಲ್ಯಾಟ್ ಮಾರಿ, ಸಾಲುಮನೆಯಂಥ ಟೌನ್‌ಹೌಸ್ ಕೊಳ್ಳಲು ಹೊರಟಿದ್ದರು.

ಎರಡಕ್ಕೂ ಒಪ್ಪಂದವಾಗಿತ್ತು. ಫ್ಲ್ಯಾಟನ್ನು ಕೊಳ್ಳುವವರು ಹಮೀದ್, ಉಪ್ಪಿನಂಗಡಿ ಮೂಲದ ಬ್ಯಾರಿ ವ್ಯಾಪಾರಿ. ಅಂಗಡಿ ದುಬೈಯ ದೇರಾದಲ್ಲಿ, ಸಂಸಾರ ಅಬುಧಾಬಿಯ ಬನಿಯಾಸ್‌ನಲ್ಲಿ ಬಾಡಿಗೆಗೆ. ದಿನಾ ಹೋಗಿ ಬರಲು ಮೂರು ತಾಸು ಡ್ರೈವ್. ಟೌನ್‌ಹೌಸ್ ಮಾರುವವರು ಒಬ್ಬ ಈಜಿಪ್ಟಿನ ನಿವೃತ್ತ ಎಂಜಿನಿಯರ್. ಅವರು ಕೊಂಡಿದ್ದ ಹೊಸ ಫ್ಲ್ಯಾಟ್ ಇನ್ನೂ ಕಟ್ಟಡದ ಹಂತದಲ್ಲಿತ್ತು. ಅದು ಕೈಗೆ ಬಂದರೆ ಅವರು ಮನೆ ಬಿಡುತ್ತಾರೆ, ಅವರು ಬಿಟ್ಟರೆ ಲವೀನಾ ಹೋಗುತ್ತಾರೆ, ಲವೀನಾ ಹೋದರೆ ಹಮೀದ್ ಬರುತ್ತಾರೆ. ಇದನ್ನೇ ನಾವು ಚೈನ್ ಎನ್ನುತ್ತಿದ್ದೆವು. ನಡುವಿನವರು ಮುಂದಿನ ಮನೆಗೆ ಕಾಯದೆ ತಮ್ಮದನ್ನು ಮಾರಿ, ತಾತ್ಕಾಲಿಕವಾಗಿ ಬಾಡಿಗೆಗೆ ಹೋದರೆ ಅದು ಚೈನ್ ಮುರಿಯುವುದು.

ಎಂಜಿನಿಯರರ ಬಿಲ್ಡರ್ ಅಕ್ಟೋಬರ್‌ನಲ್ಲಿ ಕೀ ಕೊಡುತ್ತೇನೆ ಎಂದಿದ್ದ. ಅದು ನವೆಂಬರ್ ಆಯಿತು, ಆಮೇಲೆ ಡಿಸೆಂಬರ್ ಕೊನೆ, ಆಮೇಲೆ ಜನವರಿ. ಪ್ರತಿ ಸಲವೂ ಅಚ್ಚುಕಟ್ಟಾದ ಇಮೇಲ್ ಬರುತ್ತಿತ್ತು. ಪ್ರತಿ ಸಲವೂ ನಾನು ಅದನ್ನು ಲವೀನಾರಿಗೆ ಕಳಿಸಿ, "ಇನ್ನು ಮೂರು ವಾರ ಅಷ್ಟೆ" ಎನ್ನುತ್ತಿದ್ದೆ. ಎರಡೂ ಮಾರಾಟ ನಡೆದರೆ ಕಚೇರಿಗೆ ಎರಡು ಕಮಿಷನ್. ಆ ಲೆಕ್ಕ ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು.

ಜನವರಿ ಮೊದಲ ವಾರ ಹಮೀದ್ ಕಚೇರಿಗೆ ಬಂದರು. ಒಪ್ಪಂದದ ಅವಧಿಯನ್ನು ಅವರು ಅದಾಗಲೇ ಒಮ್ಮೆ ವಿಸ್ತರಿಸಿದ್ದರು.

"ಮೇಡಂ, ಇನ್ನೊಮ್ಮೆ ಸೈನ್ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಏಪ್ರಿಲ್‌ಗೆ ಮಗಳಿಗೆ ಇಲ್ಲಿ ಸ್ಕೂಲ್ ಅಡ್ಮಿಷನ್ ಆಗಿದೆ. ಬನಿಯಾಸ್‌ನ ಮನೆ ಫೆಬ್ರವರಿಗೆ ಖಲಾಸ್. ಹೆಂಡತಿ ಮಕ್ಕಳನ್ನು ಅಂಗಡಿಯಲ್ಲಿ ಮಲಗಿಸ್ಲಿಕ್ಕೆ ಆಗ್ತದಾ?"

ಹೆಸರು ಬದಲಾದ ಮೇಲೂ ಲವೀನಾ ಕೆಲವು ತಿಂಗಳು ಅಲ್ಲೇ ಬಾಡಿಗೆಗೆ ಇರಬಹುದೇ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಅವರಿಗೆ ವಾಸಕ್ಕೆ ಮನೆ ಬೇಕಿತ್ತು. ಹತ್ತು ದಿನ ಕೊಟ್ಟು ಹೋದರು.

ಲವೀನಾರಿಗೆ ಫೋನ್ ಮಾಡಿದೆ. ಹಮೀದ್ ಕೊಟ್ಟ ಗಡುವು ತಿಳಿಸಿ, ಟೌನ್‌ಹೌಸ್ ಸಿಗುವವರೆಗೆ ಬಾಡಿಗೆಗೆ ಹೋಗಬಹುದೇ ಎಂದು ಕೇಳಿದೆ.

"ಮಾಂಯ್‌ನನ್ನು ಎರಡೆರಡು ಸಲ ಮನೆ ಬದಲಾಯಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ ಮೇಡಂ. ಇಂಥ ಪೇಷಂಟ್ಸ್‌ನ ನಾನು ದಿನಾ ನೋಡ್ತೇನೆ. ಒಂದು ಶಿಫ್ಟಿಂಗೇ ತಡೆಯುದಿಲ್ಲ ಅವರಿಗೆ. ನೀವೇ ಹೇಳಿ, ಆ ಮನೆ ಯಾವಾಗ ಸಿಗ್ತದೆ?"

ನನ್ನ ಕೈಯಲ್ಲಿ ಇದ್ದದ್ದು ಬಿಲ್ಡರ್‌ನ ಇಮೇಲ್ ಮಾತ್ರ. ಅದು ನನಗೆ ತಟ್ಟಿತು. ಮರುದಿನ ಬೆಳಿಗ್ಗೆ ಕಾರು ತೆಗೆದುಕೊಂಡು ಎಂಜಿನಿಯರರ ಹೊಸ ಕಟ್ಟಡ ನೋಡಲು ಹೋದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಮೇಲಿನ ನಾಲ್ಕು ಮಹಡಿಗಳ ಕಿಟಕಿಗಳಿಗೆ ಗಾಜಿರಲಿಲ್ಲ. ಗೇಟಿನಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಚಹಾ ಕುಡಿಯುತ್ತಿದ್ದ ಫೋರ್‌ಮನ್‌ನನ್ನು ಹಿಂದಿಯಲ್ಲಿ ಕೇಳಿದೆ, ಈ ತಿಂಗಳು ಕೀ ಕೊಡುತ್ತಾರಂತಲ್ಲ?

ಅವನು ನಕ್ಕುಬಿಟ್ಟ. "ಯಾವ ತಿಂಗಳು ಮೇಡಂ? ಕರೆಂಟ್ ಕನೆಕ್ಷನ್ನೇ ಬಂದಿಲ್ಲ. ಈ ಬೇಸಿಗೆ ಕಳೀಲಿ, ಆಮೇಲೆ ನೋಡೋಣ."

ಸಂಜೆ ಲವೀನಾರ ಮನೆಗೆ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದೆ. ಮೂರು ತಿಂಗಳು ಬರೀ ಕಾಗದ ನಂಬಿ ನಿಮ್ಮನ್ನು ಕೂರಿಸಿದೆ, ನನ್ನ ತಪ್ಪು ಎಂದೂ ಹೇಳಿದೆ. ಚೈನ್ ಮುರಿದರೆ ಟೌನ್‌ಹೌಸ್ ಕೈತಪ್ಪಬಹುದು, ಸಾಮಾನು ಎರಡು ಸಲ ಕಟ್ಟಬೇಕು. ಮುರಿಯದಿದ್ದರೆ ಹಮೀದ್ ಹೋಗುತ್ತಾರೆ, ಆಮೇಲೆ ಹೊಸ ಗಿರಾಕಿ ಯಾವಾಗ ಬರುತ್ತಾನೋ ಗೊತ್ತಿಲ್ಲ.

ಸೋಫಾದ ತುದಿಯಲ್ಲಿ ಸಿಸಿಲಿಯಾ ಬಾಯಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವರಂತೆ ಕೂತಿದ್ದರು. ಫೆಲಿಕ್ಸ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹಿಂದಿನ ವಾರ ನಡೆದದ್ದನ್ನು ಅವರು ಹೇಳಿದರು. ಅತ್ತೆ ಒಬ್ಬರೇ ಲಿಫ್ಟಿನಲ್ಲಿ ಇಳಿದು, ಒಂಬತ್ತನೇ ಮಹಡಿಯಲ್ಲಿ, ಇವರ ಬಾಗಿಲಿನಂಥದೇ ಬಾಗಿಲು ಬಡಿಯುತ್ತ ಮಗಳ ಹೆಸರು ಕೂಗುತ್ತಿದ್ದರಂತೆ. ಆ ಮನೆಯವರು ಸೆಕ್ಯುರಿಟಿಯನ್ನು ಕರೆಸಿದ್ದರು.

"ಆಮೇಲೆ ಬಾಲ್ಕನಿಗೆ ಬೀಗ ಹಾಕಿದ್ದೇನೆ," ಎಂದರು. "ಲವೀನಾ, ನಮಗೆ ಡ್ಯೂಟಿ ಉಂಟು. ಒಂದು ವರ್ಷ ಇಷ್ಟು ಮೇಲೆ ಅವರನ್ನು ಇಟ್ಟುಕೊಳ್ಳುದು ಹೇಗೆ? ಬದಲಾಯಿಸಿದ್ರೆ ಅಳ್ತಾರೆ. ಇಲ್ಲೇ ಇಟ್ರೆ ಏನಾಗ್ತದೆ ಅಂತ ನಾನು ಹೇಳುದಿಲ್ಲ."

ಲವೀನಾ ಎದ್ದು ತಾಯಿಯ ಪಕ್ಕ ಹೋಗಿ ಕೂತರು. ನನ್ನನ್ನು ನೋಡದೆಯೇ, "ಹಮೀದ್ ಅವರಿಗೆ ಹೇಳಿ ಮೇಡಂ," ಎಂದರು.

ಜನವರಿ ಕೊನೆಯಲ್ಲಿ ಟ್ರಾನ್ಸ್‌ಫರ್ ಆಯಿತು. ಮನೆ ಖಾಲಿ ಮಾಡಲು ಹಮೀದ್ ತಾವಾಗಿ ಒಂದು ವಾರ ಹೆಚ್ಚು ಕೊಟ್ಟರು. ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ಕೆಳಗೆ ಗ್ರೋಸರಿ ಇದ್ದ ಎರಡು ಕೋಣೆಯ ಮನೆ ಬಾಡಿಗೆಗೆ ಸಿಕ್ಕಿತು.

ಮೊದಲ ಎರಡು ವಾರ ಕಷ್ಟವಾಯಿತು. ಸಿಸಿಲಿಯಾ ಬಾಯಿ ಊಟ ಬಿಟ್ಟರು, ಮಗಳನ್ನೇ ನರ್ಸ್ ಎಂದು ಕರೆದರು. ಒಂದು ಮಧ್ಯಾಹ್ನ ಲವೀನಾ ಫೋನ್ ಮಾಡಿ, "ನಿಮ್ಮ ಫೈಲ್ ಕ್ಲೋಸ್ ಆಯ್ತಲ್ಲ ಮೇಡಂ, ಇಲ್ಲಿ ಬಂದು ನೋಡಿ," ಎಂದು ಅತ್ತು ಇಟ್ಟುಬಿಟ್ಟರು. ನಾನು ಹೋದೆ. ಅಲ್ಲಿ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಇನ್ನೂ ಗೋಡೆಗೆ ಹಾಕದೆ ಬಿದ್ದಿದ್ದ ಕರ್ಟನ್ ರಾಡ್ ಹಿಡಿದುಕೊಂಡು ನಿಂತೆ, ಲವೀನಾ ಸ್ಕ್ರೂ ಹಾಕಿದರು.

ಮಾರ್ಚ್ ಹೊತ್ತಿಗೆ ಮುದುಕಿ ಕಿಟಕಿಯ ಪಕ್ಕದ ಕುರ್ಚಿಗೆ ಒಗ್ಗಿಕೊಂಡರು. ಗ್ರೋಸರಿಗೆ ಬರುವವರನ್ನು ಮೇಲಿನಿಂದ ಕೊಂಕಣಿಯಲ್ಲಿ ಮಾತಾಡಿಸುತ್ತಿದ್ದರು. ಒಬ್ಬಿಬ್ಬರು ಕೊಂಕಣಿಯಲ್ಲೇ ಉತ್ತರ ಕೊಡುತ್ತಿದ್ದರು. ಒಳ್ಳೆಯ ದಿನ, ಕೆಟ್ಟ ದಿನ ಎರಡೂ ಇದ್ದವು.

ಟೌನ್‌ಹೌಸ್ ಕೈತಪ್ಪಿತು. ಒಪ್ಪಂದದ ಅವಧಿ ಮುಗಿದು, ಎಂಜಿನಿಯರ್ ಅದನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಕೊಟ್ಟರು. ಅವರ ಹೊಸ ಫ್ಲ್ಯಾಟಿನ ಕೀ ಸಿಕ್ಕಿದ್ದು ಫೋರ್‌ಮನ್ ಹೇಳಿದ್ದಕ್ಕಿಂತಲೂ ತಡವಾಗಿ, 2024ರ ಆರಂಭದಲ್ಲಿ. ಅಷ್ಟರಲ್ಲಿ ಲವೀನಾ ದಂಪತಿ ನೆಲಮಹಡಿಯಲ್ಲೇ ಚಿಕ್ಕದೊಂದು ಫ್ಲ್ಯಾಟ್ ಕೊಂಡಿದ್ದರು. ಅಂದುಕೊಂಡಿದ್ದಕ್ಕಿಂತ ಒಂದು ಕೋಣೆ ಕಡಿಮೆ. ಸಿಸಿಲಿಯಾ ಬಾಯಿ ಅಲ್ಲಿ ಏಳು ತಿಂಗಳು ಇದ್ದು ತೀರಿಕೊಂಡರು. ನಾವು ಮಾಡಿದ್ದು ಸರಿಯೇ ಎಂದು ಲವೀನಾ ನನ್ನನ್ನು ಎಂದೂ ಕೇಳಲಿಲ್ಲ. ಕೇಳಿದ್ದರೆ ಖಚಿತವಾಗಿ ಹೇಳಲು ನನಗೂ ಆಗುತ್ತಿರಲಿಲ್ಲ.

ಚೈನ್ ಮುರಿಯುವುದೇ ಜಾಣತನ ಎಂದು ನಾನು ಹೇಳುತ್ತಿಲ್ಲ. ಮರುವರ್ಷ ಇನ್ನೊಂದು ಕುಟುಂಬ ಇದೇ ಪ್ರಶ್ನೆ ತಂದಾಗ ನಾನು ಮೊದಲು ಹೋಗಿ ಕೊನೆಯ ಮನೆಯನ್ನು ನೋಡಿದೆ. ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತಿತ್ತು, ಗೋಡೆಗೆ ಕೊನೆಯ ಸುತ್ತಿನ ಬಣ್ಣ ಬಿದ್ದಿತ್ತು. ಕಾಯಿರಿ ಎಂದೆ, ಅವರು ಕಾದರು, ಆರು ವಾರದಲ್ಲಿ ಎಲ್ಲರಿಗೂ ಮನೆ ಸಿಕ್ಕಿತು. ಇರಬೇಕೋ ಹೊರಡಬೇಕೋ ಎನ್ನುವುದು ಆ ಮನೆಯವರ ನಿರ್ಧಾರ. ಅದಕ್ಕೆ ಬೇಕಾದ ನಿಜವಾದ ಸುದ್ದಿಯನ್ನು ಬಿಸಿಲಿನಲ್ಲಿ ಹೋಗಿ ತರುವುದು ನನ್ನ ಕೆಲಸವಾಗಿತ್ತು. ಅದನ್ನು ತಿಳಿಯಲು ನನಗೆ ಹದಿನೈದು ವರ್ಷ ಹಿಡಿಯಿತು.