ಆಯುಧಪೂಜೆಯ ಮರುದಿನ ನನ್ನ ಪಿಸ್ತೂಲು

ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಬಿಟ್ಟೆ. ಅದು ಮುಂದಕ್ಕೆ ಹೋಗಿ, ಇನ್ನೇನು ಪೂರ್ತಿ ಮುಚ್ಚಬೇಕು ಅನ್ನುವಷ್ಟರಲ್ಲಿ ನಿಂತುಬಿಟ್ಟಿತು.

ಏನೋ ತೊಂದರೆ ಎಂದು ತಿಳಿಸಲು ಎಡಗೈ ಎತ್ತಿ ಅಲ್ಲಾಡದೆ ನಿಂತೆ. ಪಿಸ್ತೂಲಿನ ಮೂತಿ ಟಾರ್ಗೆಟ್ ಕಡೆಗೇ ಇತ್ತು, ಬೆರಳು ಟ್ರಿಗರ್‌ನಿಂದ ಹೊರಗಿತ್ತು.

ತೊಂಬತ್ತರ ದಶಕದ ಶುರು. ಪಿಸ್ಕಾಟವೇಯ ನಮ್ಮ ಅಪಾರ್ಟ್‌ಮೆಂಟಿನಿಂದ ಒಂದಿಷ್ಟು ದೂರ ಡ್ರೈವ್ ಮಾಡಿದರೆ ಸಿಗುವ ಒಂದು ಗನ್ ಕ್ಲಬ್. ಅಂದು ಅಲ್ಲಿ ನನ್ನ ಮೆಂಬರ್‌ಶಿಪ್ ಟೆಸ್ಟ್.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಮದುವೆಯಾಗಿ ಈ ಪರದೇಶಕ್ಕೆ ಬಂದವಳು. ನಾಲ್ಕು ಜನರಿದ್ದ ಕಡೆ ಬಾಯಿ ಬಿಡುತ್ತಿರಲಿಲ್ಲ. ಪಾರ್ಟಿಗಳಲ್ಲಿ ಮೂಲೆ ಹಿಡಿದು ಕೂತು, ಯಾವ ಆಂಟಿ ಯಾರ ಸೀರೆ ನೋಡುತ್ತಿದ್ದಾರೆ ಎಂದು ಗಮನಿಸುವುದೇ ನನ್ನ ಕೆಲಸ.

ಆದರೆ ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಕೈಗೆ ಬಂದಾಗ ನಾನು ಬೇರೆಯೇ ಹುಡುಗಿ. ಗುರಿ ತಪ್ಪುತ್ತಿರಲಿಲ್ಲ. ತಪ್ಪುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಹಾಗಾಗಿ ಇಲ್ಲಿ ಲೈಬ್ರರಿ ಕೆಲಸ ಸಿಕ್ಕಿ, ಪೊಲೀಸರ ಪರ್ಮಿಟ್ಟೂ ಬಂದ ಮೇಲೆ ನಾನು ಕೊಂಡ ಮೊದಲ ದೊಡ್ಡ ವಸ್ತು ಬಳೆಯಲ್ಲ, ಸರವಲ್ಲ... ಒಂದು ಸೆಕೆಂಡ್ ಹ್ಯಾಂಡ್ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. ಈ ಹವ್ಯಾಸದವರೆಲ್ಲ ‘ನೈನ್ಟೀನ್ ಇಲೆವೆನ್’ ಎಂದು ಪ್ರೀತಿಯಿಂದ ಕರೆಯುವ ಹಳೆಯ ಮಾಡೆಲ್.

ಅಂಚುಗಳಲ್ಲಿ ಕಪ್ಪು ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಹಿಡಿಯ ಮರ ಯಾರದೋ ಅಂಗೈಗೆ ಒಗ್ಗಿ ನುಣುಪಾಗಿತ್ತು. ಅಂಗಡಿಯಲ್ಲಿ ಎತ್ತಿಕೊಂಡ ಕೂಡಲೇ ಇದು ನನ್ನದು ಅನ್ನಿಸಿತ್ತು.

ನನ್ನ ಗಂಡ ಶ್ರೀಧರನದು ಒಂದೇ ಷರತ್ತು. ಕ್ಲಬ್ಬಿಗೆ ಸೇರಿಸಿಕೊಂಡರೆ ಇಟ್ಟುಕೋ, ಇಲ್ಲದಿದ್ದರೆ ಮಾರಿಬಿಡು. ಸುಮ್ಮನೆ ಮನೆಯಲ್ಲಿಡಲು ಪಿಸ್ತೂಲು ಬೇಡ. ನ್ಯಾಯವಾದ ಮಾತು. ನಾನೂ ಒಪ್ಪಿದ್ದೆ.

ಟೆಸ್ಟಿನ ಹಿಂದಿನ ದಿನ ಆಯುಧಪೂಜೆ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕಾರು, ಟೂಲ್‌ಬಾಕ್ಸ್, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್ ಎಲ್ಲಕ್ಕೂ ಕುಂಕುಮ ಹಚ್ಚಿ, ನನ್ನ ಕಡೆ ತಿರುಗಿದರು. “ನಿಂದೆಲ್ಲಿ ಕಣಮ್ಮಾ?”

“ಅಮ್ಮಾ, ಅದೊಂದು ಬೇಡ” ಅಂದ ಶ್ರೀಧರ.

“ಸುಮ್ನಿರೋ. ಮನೇಲಿರೋದು ಒಂದೇ ಒಂದು ಆಯುಧ. ಅದನ್ನ ಬೀರುವಲ್ಲಿ ಬಚ್ಚಿಟ್ಟು, ಕಸ ಎಳ್ಕೊಳ್ಳೋ ಮಿಷಿನ್ನಿಗೆ ಮಂಗಳಾರತಿ ಎತ್ತಬೇಕಾ ನಾನು?”

ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಒಳಗೆ ಗುಂಡಿಲ್ಲವೆಂದು ಎಲ್ಲರಿಗೂ ಕಾಣುವಂತೆ ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ ತಂದಿಟ್ಟೆ. “ಕುಂಕುಮ ಮಾತ್ರ ಬೇಡ ಅತ್ತೆ, ತುಕ್ಕು ಹಿಡಿಯುತ್ತೆ.”

“ಆಯ್ತು ಕಣಮ್ಮ. ಒಂದು ಹೂವು, ನಾಕು ಕಾಳು ಅಕ್ಷತೆ. ಅಷ್ಟಕ್ಕೇನು ಅದಕ್ಕೆ ನೆಗಡಿ ಆಗಲ್ವಲ್ಲ?”

ಮರುದಿನ ಹೂ ತೆಗೆದೆ, ಹೊರಗೆಲ್ಲ ಬಟ್ಟೆಯಲ್ಲಿ ಒರೆಸಿದೆ. ಕ್ಲಬ್ಬಿಗೆ ಸ್ಲೈಡ್ ತೆರೆದೇ ತರಬೇಕೆಂಬ ನಿಯಮ. ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೊರಟೆ...

ಈಗ ನೋಡಿದರೆ ಹೀಗೆ.

ಟೆಸ್ಟ್ ಮಾಡುತ್ತಿದ್ದವರು ಬಿಳಿ ಮೀಸೆಯ ಒಬ್ಬ ನಿವೃತ್ತ ಸೈನಿಕ. ಹತ್ತಿರ ಬಂದು, ನೀನೇ ಸರಿಮಾಡುತ್ತೀಯಾ, ನಾನು ಮಾಡಲಾ ಎಂದು ಕೇಳಿದರು. ಅವರು ಮುಟ್ಟಿದರೆ ಟೆಸ್ಟ್ ಮುಗಿಯಿತು, ಮುಂದಿನದು ಚಳಿಗಾಲ ಕಳೆದ ಮೇಲೆ. ಇನ್ನೊಮ್ಮೆ ಹೀಗೆ ನಿಂತರೂ ಅಷ್ಟೇ.

ಷರತ್ತಿನ ಪ್ರಕಾರ, ಅಷ್ಟರಲ್ಲಿ ಪಿಸ್ತೂಲು ನಮ್ಮ ಮನೆಯಲ್ಲಿರುವುದಿಲ್ಲ.

“ನಾನೇ ಮಾಡ್ತೀನಿ” ಅಂದೆ. ಇಂಗ್ಲಿಷಿನಲ್ಲಿ, ಜೋರಾಗಿ. ಪಕ್ಕದ ಬೆಂಚಿನವರೂ ತಿರುಗಿ ನೋಡಿದರು.

ಮ್ಯಾಗಜಿನ್ ತೆಗೆಯುತ್ತೇನೆ. ಸ್ಲೈಡ್ ಎಳೆಯುತ್ತೇನೆ, ಅರ್ಧ ಹೊಕ್ಕಿದ್ದ ಗುಂಡು ಬೆಂಚಿನ ಮೇಲೆ ಬೀಳುತ್ತದೆ. ಬ್ಯಾರಲ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿಕೊಂಡು ಬಿಚ್ಚತೊಡಗುತ್ತೇನೆ.

ಇದರ ಮೂತಿಯ ಬಳಿಯ ಸ್ಪ್ರಿಂಗ್ ಬಲು ತುಂಟ, ಹೆಬ್ಬೆರಳು ಜಾರಿದರೆ ಸೀದಾ ಸೂರಿಗೆ ಹಾರುತ್ತದೆ. ಎಲ್ಲರೂ ಅದನ್ನೇ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತು. ಹೆಬ್ಬೆರಳು ಜಾರುವುದಿಲ್ಲ.

ಸ್ಲೈಡ್ ಕಳಚಿ ಬಂತು. ಬ್ಯಾರಲ್ ಕೂರುವ ಜಾಗದಲ್ಲಿ, ಗನ್ ಆಯಿಲ್‌ನಲ್ಲಿ ನೆನೆದ ಒಂದು ಹಳದಿ ಅಕ್ಕಿಕಾಳು!

ಮುದುಕರು ಬಗ್ಗಿ ನೋಡಿದರು. ಇದೇನು ಅಂದರು.

“ಅಕ್ಕಿ. ನಿನ್ನೆ ನಮ್ಮಲ್ಲಿ ಆಯುಧಗಳಿಗೆ ಪೂಜೆ. ನಮ್ಮತ್ತೆ ಇದಕ್ಕೆ ಆಶೀರ್ವಾದ ಮಾಡಿದರು.”

ಅವರು ಬಿಳಿ ಮೀಸೆ ನೀವಿಕೊಂಡರು. “ನಲವತ್ತು ವರ್ಷದಿಂದ ನಮ್ಮತ್ತೆ ನನ್ನ ಬಂದೂಕುಗಳಿಗೆ ಶಾಪ ಹಾಕ್ತಾ ಇದ್ದಾರೆ. ಒಂದೂ ನಿಂತಿಲ್ಲ. ನಿಮ್ಮತ್ತೆ ಕೈ ಭಾರಿ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಕೈ ನಿಲ್ಲಿಸಲಿಲ್ಲ. ಒರೆಸಿ, ಜೋಡಿಸಿ, ಮ್ಯಾಗಜಿನ್ ಹಾಕಿ, ಸ್ಲೈಡ್ ಬಿಟ್ಟೆ.

ಟಕ್ ಎಂದು ಮುಚ್ಚಿತು. ಆ ಸದ್ದನ್ನು ನಾನು ಇಂದಿಗೂ ಮರೆತಿಲ್ಲ.

ಆಮೇಲಿನದು ಸುಲಭದ ಭಾಗ. ಗುಂಡುಗಳೆಲ್ಲ ಟಾರ್ಗೆಟ್ಟಿನ ನಡುವಿನ ಕಪ್ಪಿನೊಳಗೇ ಬಿದ್ದವು. ಮುದುಕರು ಬೈನಾಕ್ಯುಲರ್ ಇಳಿಸಿ ಕೈ ಚಾಚಿದರು. “ವೆಲ್‌ಕಮ್. ಗುರಿ ಇಡೋದು ಯಾರಿಗಾದರೂ ಕಲಿಸಬಹುದು. ನಾನು ನೋಡೋದು, ಬಂದೂಕು ನಿಂತಾಗ ಮನುಷ್ಯರು ಏನು ಮಾಡ್ತಾರೆ ಅಂತ.”

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶ್ರೀಧರ ತಲೆ ಮೇಲೆ ಕೈ ಹೊತ್ತ. ಅತ್ತೆಗೆ ಒಂದಿಷ್ಟೂ ಅಳುಕಿಲ್ಲ.

“ನೋಡ್ದಾ? ಅದು ಒಳಗೆ ಹೋಗಿದ್ದಕ್ಕೇ ಅವರು ನಿನ್ನ ಕೈಚಳಕ ನೋಡಿದ್ದು. ಇಲ್ದಿದ್ರೆ ಹತ್ತರಲ್ಲಿ ಹನ್ನೊಂದು ಆಗ್ತಿದ್ದೆ.”

ಯೋಚಿಸಿದರೆ, ಮುದುಕರು ಹೇಳಿದ್ದೂ ಅದನ್ನೇ.

ಪಿಸ್ತೂಲು ಹವ್ಯಾಸಿಗಳ ನಮ್ಮ ಈ ಗುಂಪಿನಲ್ಲಿ ಎಲ್ಲರೂ ತಮ್ಮ ಮೊದಲ ಪಿಸ್ತೂಲಿನ ಮೊದಲ ಬುಲ್ಸ್‌ಐ ಬಗ್ಗೆ ಬರೆಯುತ್ತೀರಿ... ಅದು ಮೊದಲ ಸಲ ನಿಂತುಹೋದ ದಿನ ನೀವೇನು ಮಾಡಿದಿರಿ?